ಥಾರ್ಲಿ ಕಾಡಿನ ಪೂರ್ವದ ದಂಡೆ

ಥಾರ್ಲಿ, ಸಫೋಕ್
೧೯ ಫೆಬ್ರವರಿ ೧೯೬೮

ಪ್ರೀತಿಯ ಮ್ಯೂರಿಯಲ್,

ಮೂರು ಕಾಗದ ಬರೆದರೂ ಅಕ್ಕ ಉತ್ತರಿಸಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಕೂತಾಗಲೆಲ್ಲ ಕೈ ಓಡಲಿಲ್ಲ ಕಣೇ. ನಿನ್ನ ಆರ್ಥರ್ ಆಸ್ಪತ್ರೆಯಿಂದ ಮನೆಗೆ ಬಂದದ್ದು ಕೇಳಿ ಸಮಾಧಾನವಾಯಿತು.

ಅಪ್ಪ ನಮ್ಮಿಬ್ಬರ ಹೆಸರಿಗೆ ಬಿಟ್ಟುಹೋದ ಪೂರ್ವದ ಕಾಡಿನ ಸುದ್ದಿ ಹೇಳಬೇಕು. ಕಳೆದ ಮಂಗಳವಾರ ಬೆಳಿಗ್ಗೆ ಚಹಾಕ್ಕೆ ನೀರಿಟ್ಟಿದ್ದೆ, ಆ ಕಡೆಯಿಂದ ಯಂತ್ರದ ಸದ್ದು ಕೇಳಿತು. ಓಡಿದೆ. ಮಠದ ಸನ್ಯಾಸಿಗಳು ಏಳುನೂರು ವರ್ಷದ ಹಿಂದೆ ಕಾಡಿನ ಗಡಿಗೆ ಹಾಕಿದ ಮಣ್ಣಿನ ದಂಡೆಯನ್ನು ಬುಲ್ಡೋಜರ್ ಆಗಲೇ ಸೀಳಿತ್ತು. ಓಡಿಸುತ್ತಿದ್ದವನು ಲೆನ್ ಗೆಜ್, ನಿನ್ನ ಜೊತೆ ಶಾಲೆಗೆ ಬರುತ್ತಿದ್ದವನು. ಮರ ಕಡಿಯುವ ಗುತ್ತಿಗೆಯೂ ಅವನದೇ. ನಾನು ಹೋಗಿ ಆ ಸೀಳಿನಲ್ಲೇ ನಿಂತೆ.

"ಹೆಸ್ಟರ್, ಹುಚ್ಚು ಹಿಡಿದಿದೆಯಾ? ಬ್ರೇಕು ನೆಟ್ಟಗಿಲ್ಲ, ಈಚೆ ಬಾ!"

"ಹಾಗಾದ್ರೆ ಇಂಜಿನ್ ಆರಿಸು. ಮುದುಕಿ ಮೇಲೆ ಹತ್ತಿಸಿದೆ ಅಂತ ಊರಲ್ಲಿ ಹೇಳ್ಕೊಂಡು ತಿರುಗ್ತೀಯಾ?"

ಉಕ್ಕಿನ ಹಲಗೆ ನನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಸದ್ದು ಅಡಗಿತು. ಕೆದರಿದ ಮಣ್ಣಿನಲ್ಲಿ ಹೇಜಲ್ ಪೊದೆಯ ಬೇರಿನ ಸಂದಿಯಿಂದ ಒಂದು ಹುಲ್ಲುಂಡೆ ಉರುಳಿಬಿದ್ದಿತ್ತು. ಒಳಗೆ ಡಾರ್ಮೌಸ್, ಚಳಿಗಾಲದ ನಿದ್ದೆಯಲ್ಲಿ, ಬಾಲವನ್ನು ಮೂತಿಗೆ ಸುತ್ತಿಕೊಂಡಿದ್ದ ಹೊಂಬಣ್ಣದ ಪುಟ್ಟ ಇಲಿ. ಎತ್ತಿಕೊಂಡೆ. ಕಲ್ಲಿನಷ್ಟು ತಣ್ಣಗಿತ್ತು, ಆದರೆ ಉಸಿರಿತ್ತು.

ಲೆನ್ ಇಳಿದು ಬಂದು ಬಗ್ಗಿ ನೋಡಿದ. "ಇವು ಇನ್ನೂ ಇವೆಯಾ? ನಮ್ಮಪ್ಪ ಒಂದ್ಸಲ ತೋರಿಸಿದ್ದ." ಎದ್ದು ನಿಂತು, "ನಾನೇನ್ ಮಾಡ್ಲಿ, ಮಾರಾಟದ ಪತ್ರ ಇದೆಯಲ್ಲ," ಎಂದು ಜೇಬಿನಿಂದ ನಕಲು ತೆಗೆದುಕೊಟ್ಟ.

ಓದಿದೆ. ಮತ್ತೆ ಓದಿದೆ.

"ಇದು ಸುಳ್ಳು ಅನ್ನು ಹೆಸ್ಟರ್, ಈಗಲೇ ಯಂತ್ರ ವಾಪಸ್ ಒಯ್ತೀನಿ," ಎಂದ.

ನಾನು ಕಾಗದ ಮಡಿಸಿ ಅವನ ಕೈಗಿಟ್ಟು ಪಕ್ಕಕ್ಕೆ ಸರಿದೆ.

ಶುಕ್ರವಾರದ ಹೊತ್ತಿಗೆ ಓಕ್ ಮರಗಳೆಲ್ಲ ಉರುಳಿದವು. ನೈಟಿಂಗೇಲ್ ಗೂಡು ಕಟ್ಟುತ್ತಿದ್ದ ಮುಳ್ಳುಪೊದೆಗಳನ್ನು ಸುಟ್ಟರು. ಏಪ್ರಿಲ್‌ನಲ್ಲಿ ಅವು ಆಫ್ರಿಕಾದಿಂದ ಬಂದು ಎಲ್ಲಿ ಇಳಿಯುತ್ತವೋ. ಪಶ್ಚಿಮದ ಕಾಡು ಬೇರೆಯವರದಾದ್ದರಿಂದ ಉಳಿಯಿತು. ಇಲಿಯನ್ನು ಅಲ್ಲಿಯ ಹೇಜಲ್ ಬುಡದಲ್ಲಿ ಎಲೆ ಮುಚ್ಚಿ ಇಟ್ಟುಬಂದಿದ್ದೇನೆ.

ಆರ್ಥರ್ ಮೆಟ್ಟಿಲು ಹತ್ತದಂತೆ ನೋಡಿಕೊ. ದೇವರು ನಿಮ್ಮಿಬ್ಬರನ್ನೂ ಕಾಪಾಡಲಿ.

ನಿನ್ನ ಅಕ್ಕ,
ಹೆಸ್ಟರ್

ತಾ.ಕ.: ಆ ಮಾರಾಟದ ಪತ್ರದಲ್ಲಿ ಎರಡು ಸಹಿಗಳಿದ್ದವು. ಒಂದು ನಿನ್ನದು. ಇನ್ನೊಂದು ನನ್ನ ಹೆಸರು, ನಿನ್ನ ಅಕ್ಷರದಲ್ಲಿ. ನನ್ನದಲ್ಲ ಎಂದಿದ್ದರೆ ಕಾಡು ಉಳಿಯುತ್ತಿತ್ತು, ಪೊಲೀಸರು ನಿನ್ನ ಬಾಗಿಲಿಗೆ ಬರುತ್ತಿದ್ದರು. ಕೇಳಿದರೆ ಬೇಡ ಅನ್ನುತ್ತೇನೆಂದು ತಾನೆ ನೀನು ಕೇಳಲಿಲ್ಲ? ನಿಜ, ಬೇಡವೆನ್ನುತ್ತಿದ್ದೆ. ಈ ಬೇಸಿಗೆಗೆ ಇಲ್ಲಿಗೆ ಬರಬೇಡ, ಮ್ಯೂರಿಯಲ್. ಮುಂದಿನ ಬೇಸಿಗೆಯ ಮಾತು ಈಗ ಹೇಳಲಾರೆ.