ಹುಳದ ಮನೆಯ ಏಳು ಕಿಂಡಿ

ನವೆಂಬರ್ ೨೩, ಭಾನುವಾರ

ಆ ಏಳು ಕಿಂಡಿಗಳು ವಾರದಿಂದ ನನ್ನ ತಲೆ ತಿನ್ನುತ್ತಿದ್ದವು. ಹುತ್ತೂರಿನ ಆದಿಲಕ್ಷ್ಮಮ್ಮ ರೇಷ್ಮೆಹುಳ ಸಾಕಲು ಹೊಸ ಮನೆ ಕಟ್ಟಿಸಿದ್ದಾರೆ. ಅದರ ಗೋಡೆಯ ಮೇಲೆ ಹಿಪ್ಪುನೇರಳೆ ಗಿಡ ಬರೆದುಕೊಡಲು ಒಪ್ಪಿದ್ದೆ. ಗೋಡೆ ತುಂಬ ಗಾಳಿಕಿಂಡಿ! ನಾಲ್ಕನ್ನಾದರೂ ಮುಚ್ಚಪ್ಪ ಎಂದರೆ ಗಾರೆ ಮೇಸ್ತ್ರಿ ಪೆದ್ದಪ್ಪ ಜಗ್ಗಲಿಲ್ಲ. "ನಿಮ್ ಚಿತ್ರಕ್ಕೆ ಉಸ್ರು ಬೇಡ ಮೇಷ್ಟ್ರೇ, ಹುಳಕ್ಕೆ ಬೇಕು."

ಪೇಂಟಿನ ವಾಸನೆಗೆ ಹುಳ ಮೇಯುವುದಿಲ್ಲವೆಂದು ಆದಿಲಕ್ಷ್ಮಮ್ಮ ನನ್ನ ಡಬ್ಬಗಳನ್ನು ಹತ್ತಿರ ಬಿಡಲಿಲ್ಲ. ಸುಣ್ಣ, ಕೆಮ್ಮಣ್ಣೇ ಗತಿಯಾಯಿತು. ಹಸಿರು ಗಿಡಕ್ಕೆ ಕೆಂಪು ಎಲೆ! ಮುನಿಸಿನಲ್ಲೇ ಶುರು ಮಾಡಿದೆ.

ಮಧ್ಯಾಹ್ನ ಆಕೆ, ಹಳೆಯ ಮನೆಯ ಹುಳ ತಿಂದುಳಿದ ಸೊಪ್ಪನ್ನು ತಂದು ಹಸುವಿನ ಮುಂದೆ ಸುರಿದರು. ಎಲೆಯ ತುಂಬ ತೂತು. ಅಷ್ಟು ಸಾಕಾಯಿತು. ಪ್ರತಿ ಕಿಂಡಿಯ ಸುತ್ತ ಒಂದೊಂದು ದೊಡ್ಡ ಎಲೆ ಬರೆದೆ. ಕಿಂಡಿಯೇ ಹುಳ ಕಚ್ಚಿದ ಜಾಗ.

ಸಂಜೆ ಪೆದ್ದಪ್ಪ ಬಂದು ಬಹಳ ಹೊತ್ತು ನೋಡಿದ. "ಮುಂದಿನ್ ಮನೇಗೆ ಗೋಡೆ ಎದ್ಮೇಲೆ ಬರ್ಬೇಡಿ ಮೇಷ್ಟ್ರೇ. ಪಾಯ ತೋಡೋ ದಿನಾನೇ ಬಂದ್ಬಿಡಿ."

ಪಾಯ ತೋಡುವಲ್ಲಿ ಚಿತ್ರ ಬರೆಯುವವನಿಗೇನು ಕೆಲಸ ಎಂದು ಕೇಳಲಿಲ್ಲ. ಯಾವತ್ತು ಎಂದು ಮಾತ್ರ ಕೇಳಿದೆ.