ನೂಲು ಕೆಟ್ಟಿಲ್ಲ, ಮಹಾನಂದವ್ವ

ಬನಹಟ್ಟಿ
ಇಸವಿ ೨೧೯೪, ಶ್ರಾವಣದ ಎರಡನೇ ಸೋಮವಾರ

ಮುತ್ತಜ್ಜಿಯ ಮುತ್ತಜ್ಜಿ ಮಹಾನಂದವ್ವನವರಿಗೆ, ನಿಮ್ಮ ಮಗಳು ದಾನೇಶ್ವರಿಯ ವಂಶದ ಬನಶ್ರೀ ಮಾಡುವ ನಮಸ್ಕಾರಗಳು. ಇನ್ನೂ ಬಾರದ ಇಸವಿ ಕಂಡು ಗಾಬರಿಯಾಗಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಇಷ್ಟು ವರ್ಷಗಳಲ್ಲಿ ಮಾತೂ ಮಗ್ಗುಲು ಬದಲಿಸಿದೆ.

‘ಅಡ್ಡಗಾಲು’ ಎಂಬುದನ್ನೇ ನೋಡಿ. ನಿಮಗದು ಬೈಗುಳ, ನಮಗೆ ಹಾರೈಕೆ. ಮೈಯ ಜೀವಕಣವೊಂದು ಕೆಟ್ಟು ಹುಚ್ಚಾಪಟ್ಟೆ ಬೆಳೆಯಹೊರಟರೆ ಅದನ್ನು ತಡೆದು ನಿಲ್ಲಿಸುವ ಜೀನನ್ನು ನಾವು ಹಾಗೆ ಕರೆಯುತ್ತೇವೆ. ಬೆಳಿಗ್ಗೆ ಮುಖ ತೊಳೆಯುವಾಗ ಗೋಡೆಯ ಮೈಗನ್ನಡಿ ನಮ್ಮ ರಕ್ತವನ್ನು ಓದಿ, ಯಾವ ಕಣದ ಅಡ್ಡಗಾಲು ಸಡಿಲವಾಗಿದೆ ಎಂದು ಹೇಳುತ್ತದೆ. ನನ್ನ ಗಂಡ ಅದನ್ನು ಮಳೆಯ ಸುದ್ದಿ ಕೇಳಿದಂತೆ ಕೇಳಿ, ರೊಟ್ಟಿ ಮುರಿಯುತ್ತ ಕೂರುತ್ತಾನೆ. ಊರು ಬಿಟ್ಟು ಹೊರಡುವ ಮಕ್ಕಳಿಗೆ ಹಿರಿಯರು ‘ಅಡ್ಡಗಾಲು ಗಟ್ಟಿ ಇರಲಿ’ ಎಂದು ಹರಸುತ್ತಾರೆ.

ನಿಮ್ಮ ಕೊರಳಿನ ಕ್ಯಾನ್ಸರ್ ಗಡ್ಡೆಯಲ್ಲಿ ಅಂಥದೇ ಜೀನ್ ಮುರಿದಿದೆ. ಡಾಕ್ಟರು ‘ಜೀನ್ ಕೆಟ್ಟಿದೆ’ ಎಂದರು. ನೀವು ‘ವಂಶ ಕೆಟ್ಟಿದೆ’ ಎಂದು ಕೇಳಿಸಿಕೊಂಡಿರಿ. “ನೂಲಿನಂಗ ಸೀರಿ, ತಾಯಿಯಂಗ ಮಗಳು. ನನ್ನ ನೂಲ ಕೆಟ್ಟೈತಿ, ದಾನೇಶ್ವರೀನ ಹೆಂಗ ಮಂದಿ ಮನಿಗಿ ಕೊಡ್ಲಿ?” ಎಂದು ಅತ್ತು, ಗಟ್ಟಿಯಾದ ಸಂಬಂಧವನ್ನೇ ಮುರಿಯಲು ಹೊರಟಿದ್ದೀರಿ. ನೆನೆದರೆ ನನಗೆ ನಿಮ್ಮ ಮೇಲೆ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ ಎನ್ನುತ್ತದೆ.

ಅವ್ವ, ಮಗ್ಗದವರಾಗಿ ಯೋಚಿಸಿ. ಎಳೆ ಹರಿದರೆ ನಿಮ್ಮ ಪವರ್‌ಲೂಮ್ ತಾನೇ ನಿಲ್ಲುತ್ತದೆ. ಆ ನಿಲ್ಲಿಸುವ ಭಾಗವೇ ಕೆಟ್ಟರೆ ಮಗ್ಗ ತಪ್ಪನ್ನೇ ನೇಯುತ್ತ ಹೋಗುತ್ತದೆ. ಅದಕ್ಕೆ ಯಾರಾದರೂ ನೂಲನ್ನು ಬೈಯುತ್ತಾರೆಯೇ? ನಿಮ್ಮ ಗಡ್ಡೆ ಹುಟ್ಟಿದ್ದು ರೋಗಗಳೊಡನೆ ಕಾದಾಡುವ ರಕ್ತದ ಬಿ-ಕಣಗಳಿಂದ; ಅವು ಹೊಸ ಆಯುಧಕ್ಕಾಗಿ ತಮ್ಮ ಜೀನಿನ ಬರಹವನ್ನು ತಾವೇ ತಿದ್ದಿಕೊಳ್ಳುತ್ತವೆ. ಒಮ್ಮೊಮ್ಮೆ ಕೈ ತಪ್ಪುತ್ತದೆ. ನಿಮ್ಮಲ್ಲಿ ಆ ಮುರುಕು ಇರುವುದು ಗಡ್ಡೆಯಲ್ಲಷ್ಟೇ, ಹುಟ್ಟಿನಿಂದ ಬಂದದ್ದಲ್ಲ. ಡಾಕ್ಟರು ನಿಮ್ಮ ಚರ್ಮದ ಚೂರನ್ನೂ ಪರೀಕ್ಷಿಸಿ, ಅಲ್ಲಿ ಆ ಜೀನ್ ಸರಿಯಾಗಿಯೇ ಇರುವುದನ್ನು ಕಂಡು ಅದನ್ನೇ ಹೇಳಿದ್ದರು. ಅಳುವಿನಲ್ಲಿ ನಿಮಗೆ ಕೇಳಿಸಲಿಲ್ಲ.

ಕಾಯಿಲೆ ಸಣ್ಣದೆಂದು ಸುಳ್ಳು ಹೇಳಲಾರೆ. ಚಿಕಿತ್ಸೆ ತಪ್ಪಿಸಬೇಡಿ. ನೀವು ಒಂದು ಬೆಳಿಗ್ಗೆ ಮಗ್ಗದ ಮುಂದೆ ನಿಂತು ಮನಸ್ಸು ಬದಲಿಸಿದಿರಿ, ಯಾರು ತಿಳಿಹೇಳಿದರೋ ಗೊತ್ತಿಲ್ಲ ಎಂದೇ ನಮ್ಮ ಮನೆಯಲ್ಲಿ ಈ ಕತೆ ಮುಗಿಯುತ್ತದೆ. ಯಾರೂ ಹೇಳದೇ ಹೋಗಿದ್ದರೆ ಎಂಬ ಭಯಕ್ಕೆ ನಾನೇ ಬರೆಯುತ್ತಿದ್ದೇನೆ.

ನಾಳೆ ಬೀಗರು ಬರುತ್ತಾರೆ. ಬಾಗಿಲು ತೆಗೆದು ಚಹಾ ಕೊಡಿ. ಇದ್ದದ್ದನ್ನು ಮುಚ್ಚಿಡದೆ ಹೇಳಿ. ಅಡ್ಡಗಾಲು ಕಣಕ್ಕೆ ಬೇಕು, ಮದುವೆಗೆ ಬೇಡ. ನಾನಿನ್ನೂ ಹುಟ್ಟಬೇಕಿದೆ, ಅವ್ವ.