ಎರಡನೇ ಮೆಟ್ಟಿಲಿನ ಮುಖ

ಅಮ್ಮಾ,

ನಾನು ಎಷ್ಟು ಕರೆದರೂ ನೀನು ಕಾಲಿಡದ ಈ ವಸ್ತುಸಂಗ್ರಹಾಲಯದಲ್ಲಿ, ಹಳೆಯ ಮುಖಗಳಿಗೆ ಬಣ್ಣ ಹಚ್ಚುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ‘ಮಾನವ ವಿಕಾಸ’ದ ಕೋಣೆಯಲ್ಲಿ ಮರದ ಮೆಟ್ಟಿಲುಗಳಿವೆ, ಒಂದೊಂದರ ಮೇಲೂ ಒಂದು ಪ್ಲಾಸ್ಟರ್ ಮುಖ. ಕೆಳಗೆ ಮಂಗ, ತುದಿಯಲ್ಲಿ ಇದನ್ನು ಕಟ್ಟಿಸಿದ ಪಂಡಿತರು. ಮಂಗದ ಮೇಲಿನ ಮೆಟ್ಟಿಲಲ್ಲಿ ನಮ್ಮಜ್ಜಿ. ಇಲ್ಲಿ ನೆಲ ಒರೆಸುತ್ತಿದ್ದವಳನ್ನು ಕೂರಿಸಿ ಮುಖದ ಅಚ್ಚು ತೆಗೆದರೆಂದು ನೀನೇ ಹೇಳಿದ್ದೆ. ಕೆಳಗಿನ ಫಲಕ ಹೀಗಿದೆ: ‘ಜೋಲುವ ರೆಪ್ಪೆ, ಮಂದಬುದ್ಧಿಯ ಜನಾಂಗದ ಲಕ್ಷಣ.’

ಮುಖಕ್ಕೆ ಹಸಿ ಪ್ಲಾಸ್ಟರ್ ಮೆತ್ತಿದರೆ ಯಾರಾದರೂ ಕಣ್ಣು ಮುಚ್ಚಲೇಬೇಕಲ್ಲ! ಪಂಡಿತರೂ ಮುಚ್ಚಿದ್ದರು. ಬಣ್ಣ ಕೆರೆದಾಗ, ಅವರ ಕಣ್ಣನ್ನು ಆಮೇಲೆ ಕೊರೆದು ತೆರೆದ ಉಳಿಯ ಗುರುತು ಕಂಡಿತು. ಅಜ್ಜಿಯದನ್ನು ಹಾಗೇ ಬಿಟ್ಟಿದ್ದರು. ಎಲ್ಲ ಜೀವಗಳೂ ಒಂದೇ ಮರದ ಕೊಂಬೆಗಳು ಎಂದ ವಿಜ್ಞಾನವನ್ನು ಏಣಿ ಮಾಡಿಕೊಂಡು ತಾವೇ ಮೇಲೆ ಹತ್ತಿ ಕೂತರು.

“ಹಳೇದು ಹಾಗೇ ಇರ್ಲಿ ಬಿಡಮ್ಮ, ಬಣ್ಣ ಹಚ್ಚು ಸಾಕು,” ಎಂದರು ನಮ್ಮ ಮೇಲಧಿಕಾರಿ.

“ಮೆಟ್ಟಿಲು ತೆಗೆಸಿ ಸಾರ್, ಆಮೇಲೆ ಹಚ್ತೀನಿ.”

“ಕೆಲಸ ಬೇಕೋ ಬೇಡ್ವೋ?”

ಅಜ್ಜಿಯನ್ನು ಇಳಿಸಿ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ವಾಪಸ್ ಕೂರಿಸಲು ಯಾರು ಬರುತ್ತಾರೋ ನೋಡೇಬಿಡುತ್ತೇನೆ.

ಅವಳ ಕಣ್ಣು ಕೊರೆದಾಗಿದೆ, ಬಣ್ಣ ಮಾತ್ರ ಬಾಕಿ. ನಿನ್ನ ಕಣ್ಣು ಥೇಟ್ ಅವಳದೇ ಎಂದು ದೊಡ್ಡಮ್ಮ ಹೇಳುತ್ತಿರುತ್ತಾಳಲ್ಲ, ಭಾನುವಾರ ಬಾ. ಕಿಟಕಿಯ ಬೆಳಕಿಗೆ ನನ್ನೆದುರು ಕೂತುಕೋ. ಇಲ್ಲಿ ನಿನಗೆ ಯಾರೂ ಕಣ್ಣು ಮುಚ್ಚು ಎನ್ನುವುದಿಲ್ಲ.

ಇಂತಿ,
ನಿನ್ನ ಮೊಂಡಿ